ಅವ್ವನ ಹತ್ತಿ ಸೀರೆಗಳಿಂದ ಮನೆಯಲ್ಲೇ ಕೌದಿ: ಎಲ್ಲಿಂದ ಶುರು ಮಾಡಲಿ?

ಚಿಕ್ಕಿಪರಾಸ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಗದಗಿನ ಮನೆಯನ್ನು ಬಾಡಿಗೆಗೆ ಕೊಟ್ಟು ಅವ್ವ ಈಗ ನಮ್ಮ ಜೊತೆ ಇರಲು ಬಂದಿದ್ದಾಳೆ. ಅವಳೊಂದಿಗೆ ಎರಡು ಟ್ರಂಕುಗಳೂ ಬಂದಿವೆ. ದಿನಬಳಕೆಯ ಹತ್ತಿ ಸೀರೆಗಳೇ ಹೆಚ್ಚು. ಅವುಗಳ ನಡುವೆ ಮೂರು ಇಳಕಲ್ಲು ಸೀರೆ, ಅಪ್ಪನ ಧೋತರಗಳು, ನಮ್ಮ ಶಾಲೆಯ ಸಮವಸ್ತ್ರ, ಒಂದಿಷ್ಟು ಖಣದ ಬಟ್ಟೆಯ ಕುಬಸ (ರವಿಕೆ) ಇವೆ. ಯಾವುದನ್ನೂ ಪಾತ್ರೆಯವನಿಗೆ ಹಾಕಲು ಅವ್ವನಿಗೆ ಮನಸ್ಸಿಲ್ಲ, ನನಗೂ ಇಲ್ಲ. ಇವುಗಳನ್ನು ಪದರ ಪದರವಾಗಿ ಜೋಡಿಸಿ ಹೊದೆಯುವ, ಹಾಸುವ ಕೌದಿ ಹೊಲಿಯಬೇಕೆಂದು ಇಬ್ಬರೂ ನಿಶ್ಚಯಿಸಿದ್ದೇವೆ. ಅವ್ವನಿಗೆ ಈಗ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಸ್ಪಷ್ಟವಿಲ್ಲ. ಹೊಲಿಯುವವಳು ನಾನು. ಗುಂಡಿ ಹಚ್ಚುವುದು, ಹರಿದದ್ದಕ್ಕೆ ತೇಪೆ ಹಾಕುವುದು ಬರುತ್ತದೆ, ಅದರಾಚೆಗೆ ಏನೂ ಬರುವುದಿಲ್ಲ.

ವಿಡಿಯೊಗಳಲ್ಲಿ ಹೊಸ ಬಟ್ಟೆ ಕೊಂಡುತಂದು ಚೌಕ ಚೌಕವಾಗಿ ಕತ್ತರಿಸುವುದನ್ನೇ ತೋರಿಸುತ್ತಾರೆ. ನಮಗೆ ಬೇಕಾದದ್ದು ಅದಲ್ಲ. ಎಷ್ಟು ಪದರ ಹಾಕಬೇಕು? ಯಾವ ದಾರ? ಕೈಯಲ್ಲೇ ಹೊಲಿಯಬೇಕೋ, ಯಂತ್ರವಾದರೂ ಆದೀತೋ? ಇಳಕಲ್ಲು ಸೀರೆಗೆ ಕತ್ತರಿ ಹಾಕಬಹುದೇ? ಕೌದಿ ಹೊಲಿದು ಬಲ್ಲವರು ದಯವಿಟ್ಟು ತಿಳಿಸಿ.

ದಾರದುಂಡೆ, ಬಾಗಲಕೋಟೆ

ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ನಮ್ಮ ಕಡೆ ಕೌದಿಗೆಂದು ಯಾರೂ ಬಟ್ಟೆ ಕೊಳ್ಳುವುದಿಲ್ಲ. ಮನೆಯವರು ಉಟ್ಟು ತೊಟ್ಟು ಮೆತ್ತಗೆ ಮಾಡಿದ ಅರಿವೆಯೇ ಕೌದಿಗೆ ಸರಿಯಾದ ಅರಿವೆ. ಹೊಸ ಬಟ್ಟೆಯನ್ನು ಐದಾರು ಪದರ ಜೋಡಿಸಿ ಹೊಲಿಯಲು ಕುಳಿತು ನೋಡಿ, ಸೂಜಿ ಒಳಗೆ ಹೋಗಲು ಹಟ ಮಾಡುತ್ತದೆ. ಹತ್ತು ವರ್ಷ ಒಗೆಸಿಕೊಂಡ ಹತ್ತಿ ಸೀರೆಯಾದರೆ ತಾನೇ ದಾರಿ ಬಿಡುತ್ತದೆ.

ಕತ್ತರಿಯನ್ನು ಸದ್ಯಕ್ಕೆ ಎತ್ತಿಡಿ. ಮೊದಲ ಕೆಲಸ ವಿಂಗಡಣೆ. ಒಂದೊಂದೇ ಸೀರೆಯನ್ನು ಬಿಡಿಸಿ ಕಿಟಕಿಗೆ ಅಡ್ಡ ಹಿಡಿಯಿರಿ. ಬೆಳಕು ಎಲ್ಲಿ ಹೆಚ್ಚು ತೂರಿ ಬರುತ್ತದೆಯೋ ಅಲ್ಲಿ ನೂಲು ಸವೆದಿದೆ ಎಂದು ಅರ್ಥ. ಆ ಜಾಗವನ್ನು ಎರಡು ಹೆಬ್ಬೆರಳುಗಳ ನಡುವೆ ಇಟ್ಟು ಮೆಲ್ಲನೆ ಜಗ್ಗಿ. ತಡೆದುಕೊಂಡರೆ ಅದು ಮೇಲಿನ ಮುಖಕ್ಕೆ, ಇಲ್ಲವೇ ಅಡಿಯ ಪದರಕ್ಕೆ. ಪರ್ರೆಂದು ಹರಿದರೆ ಅದು ಒಳಪದರಕ್ಕೆ. ಎಸೆಯುವುದು ಬೇಡ, ಒಳಗೆ ಎರಡು ಗಟ್ಟಿ ಪದರಗಳ ಮಧ್ಯೆ ಅದಕ್ಕೂ ಇನ್ನೊಂದು ಆಯುಷ್ಯ ಇದೆ. ಸಮವಸ್ತ್ರದ ಗಟ್ಟಿ ಬಟ್ಟೆ ಮತ್ತು ಧೋತರದ ಅಂಚನ್ನು ಕೌದಿಯ ನಾಲ್ಕು ಅಂಚುಗಳಿಗೆಂದೇ ತೆಗೆದಿಡಿ. ಕೌದಿ ಯಾವಾಗಲೂ ಅಂಚಿನಿಂದಲೇ ಹರಿಯುತ್ತದೆ. ಎಳೆಯುವುದು, ಝಾಡಿಸುವುದು, ಹಗ್ಗಕ್ಕೆ ಹಾಕುವುದು ಎಲ್ಲವೂ ಅಂಚು ಹಿಡಿದೇ ತಾನೆ?

ಸೀರೆಗೆ ಹಚ್ಚಿದ ಫಾಲ್ ಬಿಚ್ಚಿ. ಕುಬಸದ ಹುಕ್ಕು, ಗುಂಡಿ, ದಪ್ಪ ಹೊಲಿಗೆಗಳನ್ನು ತೆಗೆಯಿರಿ. ಜರಿ ಅಂಚು ಇದ್ದರೆ ಕತ್ತರಿಸಿ ಬೇರೆ ಇಡಿ, ಹೊದ್ದಾಗ ಮೈಗೆ ಚುಚ್ಚುತ್ತದೆ. ಗಂಜಿ ಹಾಕಿದ ಸೀರೆಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಚೆನ್ನಾಗಿ ಜಾಲಿಸಿ. ಗಂಜಿ ಉಳಿದರೆ ಸೂಜಿಗೂ ಕಷ್ಟ, ಮುಂದೆ ಹುಳು ಬಂದು ಬಟ್ಟೆಯನ್ನೂ ತಿನ್ನುತ್ತದೆ.

ಯಾವುದು ಅಪ್ಪಟ ಹತ್ತಿ, ಯಾವುದು ಪಾಲಿಯೆಸ್ಟರ್ ಬೆರೆತದ್ದು ಎಂದು ಕೈಗೆ ತಿಳಿಯದಿದ್ದರೆ ನಾಲ್ಕೈದು ಎಳೆ ನೂಲು ಕಿತ್ತು, ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡನ್ನೂ ಒಂದೇ ಕೌದಿಯಲ್ಲಿ ಬೆರೆಸದಿದ್ದರೆ ಒಳ್ಳೆಯದು. ಒಂದು ಕುಗ್ಗುತ್ತದೆ, ಇನ್ನೊಂದು ಕುಗ್ಗುವುದಿಲ್ಲ, ಒಗೆದ ಮೇಲೆ ಮುಖ ಸುಕ್ಕುಗಟ್ಟಿ ನಿಲ್ಲುತ್ತದೆ.

ದೂರದೂರು, ನ್ಯೂಜೆರ್ಸಿ

ಬಹಳ ಉಪಯುಕ್ತ ಮಾಹಿತಿ. ನಾನೂ ಇದೇ ಆಸೆಯಿಂದ ಊರಿನಿಂದ ಸೀರೆ ತರಿಸಿಕೊಂಡಿದ್ದೇನೆ. ಇಲ್ಲಿನ ಹೊಲಿಗೆ ಗುಂಪಿನವರು ಎರಡು ಬಟ್ಟೆಗಳ ನಡುವೆ ಹತ್ತಿಯ ಅಥವಾ ಪಾಲಿಯೆಸ್ಟರಿನ ತೆಳುಹಾಸನ್ನು ತುಂಬುತ್ತಾರೆ. ಕೌದಿಗೂ ಅದು ಬೇಕೇ? ಇನ್ನೊಂದು ಪ್ರಶ್ನೆ: ಕೆಂಪು ಸೀರೆ ಬಣ್ಣ ಬಿಡುತ್ತಿದೆ. ಉಪ್ಪುನೀರಿನಲ್ಲಿ ನೆನೆಸಿದರೆ ನಿಲ್ಲುತ್ತದೆ ಎಂದು ಅತ್ತೆ ಹೇಳಿದರು. ನೆನೆಸಿದೆ, ಆದರೂ ನೀರು ಕೆಂಪಾಗುತ್ತಲೇ ಇದೆ.

ದಾರದುಂಡೆ, ಬಾಗಲಕೋಟೆ

ಕೌದಿಗೆ ಯಾವ ತುಂಬುವಿಕೆಯೂ ಬೇಡ. ಸೀರೆಯ ಪದರಗಳೇ ಅದರ ಹೂರಣ. ಪದರ ಪದರಗಳ ನಡುವೆ ಗಾಳಿ ನಿಲ್ಲುತ್ತದೆ, ಬೆಚ್ಚಗಾಗುವುದು ಅದರಿಂದಲೇ. ಬೇಸಿಗೆಯಲ್ಲಿ ಅದನ್ನೇ ಕೆಳಗೆ ಹಾಸಿಕೊಂಡರೆ ಬೆವರು ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಹಾಸು ತುಂಬಿದ ಮೇಲೆ ಆ ಗುಣ ಉಳಿಯುವುದಿಲ್ಲ. ನಿಮ್ಮ ಕಡೆಯ ಚಳಿಗೆ ಹಳೆಯ ಉಣ್ಣೆಯ ಶಾಲು ಇದ್ದರೆ ಒಳಗೆ ಒಂದು ಪದರ ಹಾಕಿಕೊಳ್ಳಿ. ಅಂಥ ಕೌದಿಯನ್ನು ಮಾತ್ರ ಬಿಸಿನೀರಿಗೆ ಹಾಕಬೇಡಿ.

ಉಪ್ಪಿನ ಮಾತು ಎಲ್ಲರ ಮನೆಯಲ್ಲೂ ಇದೆ. ಬಟ್ಟೆಗೆ ಬಣ್ಣ ಹಾಕುವಾಗ ಬಣ್ಣ ನೂಲಿಗೆ ಹತ್ತಲು ಉಪ್ಪು ಸಹಾಯ ಮಾಡುತ್ತದೆ ಎಂಬುದು ನಿಜ. ಆದರೆ ಬಣ್ಣ ಹಾಕಿ ಮುಗಿದ ಬಟ್ಟೆಯಲ್ಲಿ ಬಿಡುತ್ತಿರುವ ಬಣ್ಣವನ್ನು ಅದು ಕಟ್ಟಿಹಾಕಲಾರದು. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಸೀರೆಯ ಮೇಲೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ನೀರು ತಿಳಿಯಾಗುವವರೆಗೆ ಬೇರೆಯಾಗಿಯೇ ಒಗೆಯುತ್ತಿರಿ. ತಿಳಿಯಾಗದಿದ್ದರೆ ಆ ಸೀರೆಯನ್ನು ಕಡುಬಣ್ಣದ ಕೌದಿಗೆ ಮೀಸಲಿಡಿ, ಬಿಳಿ ಧೋತರದ ಪಕ್ಕದಲ್ಲಿ ಬೇಡವೇ ಬೇಡ.

ಅಳತೆಪಟ್ಟಿ, ದಾವಣಗೆರೆ

ನಾನು ಹೊಲಿಗೆ ಅಂಗಡಿಯವನು. ಅಳತೆಯ ಲೆಕ್ಕ ನನ್ನ ಪಾಲಿಗಿರಲಿ.

ಐದೂವರೆ ಮೀಟರ್ ಸೀರೆ ಎಂದರೆ ಸುಮಾರು 216 ಅಂಗುಲ. ಪನ್ನ, ಅಂದರೆ ಅಗಲ, ಸಾಮಾನ್ಯವಾಗಿ 45 ಅಂಗುಲದ ಆಸುಪಾಸು. ಉದ್ದವನ್ನು ಮೂರು ಮಡಿಕೆ ಮಾಡಿದರೆ 72 ಅಂಗುಲ ಉದ್ದ, 45 ಅಂಗುಲ ಅಗಲದ ಮೂರು ಪದರ ಸಿಗುತ್ತದೆ. ಆರಡಿ ಉದ್ದ ಎಂದರೆ ಒಬ್ಬರು ಹೊದ್ದು ಮಲಗಲು ಸಾಕು. ಒಂದು ಚೂರೂ ಕತ್ತರಿಸದೆ, ಒಂದು ಸೀರೆಯಿಂದ ಮೂರು ಪದರ. ಎರಡು ಸೀರೆಗೆ ಆರು ಪದರ. ಮೊದಲ ಸಲ ಹೊಲಿಯುವವರು ಆರು ಪದರ ದಾಟಬೇಡಿ, ತೇಪೆಯ ಮುಖವೂ ಸೇರಿ ಐದು ಪದರವಿದ್ದರೆ ಕೈಗೆ ಹಿತ.

ದಾರದ ಲೆಕ್ಕ ಕೇಳಿ. ಸಾಲಿನಿಂದ ಸಾಲಿಗೆ ಅರ್ಧ ಅಂಗುಲ ಬಿಟ್ಟರೆ 45 ಅಂಗುಲ ಅಗಲದಲ್ಲಿ 90 ಸಾಲು ಬರುತ್ತವೆ. ಒಂದೊಂದೂ 72 ಅಂಗುಲ. ಒಟ್ಟು 6,480 ಅಂಗುಲ, ಅಂದರೆ ಹತ್ತಿರಹತ್ತಿರ 165 ಮೀಟರ್ ಹೊಲಿಗೆ. ರೀಲಿನ ದಾರವನ್ನು ಜೋಡಿ ಎಳೆ ಮಾಡಿಕೊಂಡರೆ ಅದರ ಎರಡರಷ್ಟು. ಗಂಟು, ಏರಿಳಿತ ಎಲ್ಲ ಸೇರಿ 400 ಮೀಟರ್ ಕೈಯಲ್ಲಿ ಇಟ್ಟುಕೊಂಡೇ ಕುಳಿತುಕೊಳ್ಳಿ. ಒಂದೇ ಬಣ್ಣದ ದಾರ ನಡುವೆ ಮುಗಿದುಹೋಗಿ ಅಂಗಡಿಯಲ್ಲಿ ಅದೇ ಬಣ್ಣ ಸಿಗದಿದ್ದರೆ ಬೇಸರವಾಗುತ್ತದೆ. ಪಾಲಿಯೆಸ್ಟರ್ ದಾರ ಗಟ್ಟಿ ನಿಜ, ಆದರೆ ಹಳೆಯ ಹತ್ತಿಯನ್ನು ಅದು ಕೊಯ್ಯುತ್ತದೆ. ಬಟ್ಟೆಗಿಂತ ದಾರ ಗಟ್ಟಿಯಾಗಿರಬಾರದು. ದಪ್ಪ ಹತ್ತಿ ದಾರವನ್ನೇ ಕೇಳಿ ಪಡೆಯಿರಿ.

ಇಷ್ಟು ದೊಡ್ಡ ಲೆಕ್ಕ ಕೇಳಿ ಹೆದರಿಕೆಯಾದರೆ 18 ಅಂಗುಲದ ಚೌಕದಿಂದ ಆರಂಭಿಸಿ. ಪೂಜೆಗೆ, ಊಟಕ್ಕೆ ಕೂರುವಾಗ ಹಾಸಿಕೊಳ್ಳುವ ಆಸನವಾಗುತ್ತದೆ. ಅದರ ಹೊಲಿಗೆ ದೊಡ್ಡ ಕೌದಿಯ ಹತ್ತನೇ ಒಂದು ಪಾಲು ಮಾತ್ರ, ಪಾಠ ಮಾತ್ರ ಪೂರ್ತಿ.

ಯಂತ್ರದಲ್ಲಿ ಹೊಲಿಯುವುದಾದರೆ 16ರ ಸೂಜಿ ಹಾಕಿ, ಹೊಲಿಗೆಯ ಉದ್ದವನ್ನು ನಾಲ್ಕಕ್ಕೆ ಇಟ್ಟು, ಸಾಲುಗಳ ನಡುವೆ ಎರಡು ಅಂಗುಲ ಬಿಡಿ. ನಾನೇ ಯಂತ್ರ ತುಳಿದು ಬದುಕುವವನಾದರೂ ಹೇಳುತ್ತೇನೆ, ಕೌದಿಗೆ ಕೈಹೊಲಿಗೆಯೇ ಲೇಸು. ಯಂತ್ರದ ಹಲ್ಲು ಅಡಿಯ ಪದರವನ್ನು ಎಳೆದುಕೊಂಡು ಹೋಗುತ್ತದೆ, ಪಾದದ ಒತ್ತಡಕ್ಕೆ ಮೇಲಿನದು ಹಿಂದೆ ಉಳಿಯುತ್ತದೆ. ಕೊನೆಗೆ ಮುಖವೆಲ್ಲ ನೆರಿಗೆ. ಮೇಲಾಗಿ ಬಿಗಿಯಾದ ಯಂತ್ರದ ಹೊಲಿಗೆ ಹೊದಿಕೆಯನ್ನು ಸೆಡೆಸಿಬಿಡುತ್ತದೆ.

ಕಾಳಿತೀರ, ಹಳಿಯಾಳ

ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರ ಕೌದಿಯನ್ನು ಇಲ್ಲಿ ಯಾರೂ ಪ್ರಸ್ತಾಪಿಸಲಿಲ್ಲ. ಅವರು ಹೊಲಿಯುವ ಕ್ರಮ ಬೇರೆ. ಅದು ಮೊದಲ ಸಲ ಹೊಲಿಯುವವರಿಗೆ ಎಷ್ಟೋ ಸಲೀಸು ಎಂಬುದು ನನ್ನ ಅನುಭವ. ಅದಕ್ಕಾಗಿ ಬರೆಯುತ್ತಿದ್ದೇನೆ.

ಬಯಲುಸೀಮೆಯಲ್ಲಿ ಸಾಮಾನ್ಯವಾಗಿ ತೇಪೆಗಳನ್ನೆಲ್ಲ ಮೊದಲು ಜೋಡಿಸಿ ಮುಖ ಸಿದ್ಧಮಾಡಿಕೊಂಡು, ಆಮೇಲೆ ಪದರಗಳ ಮೇಲೆ ಹರಡಿ ಹೊಲಿಯುತ್ತಾರೆ. ಸಿದ್ದಿ ಹೆಂಗಸರು ಹಾಗೆ ಮಾಡುವುದಿಲ್ಲ. ಅಡಿಗೆ ಒಂದು ಸೀರೆ ಹಾಸಿ, ಒಂದು ಮೂಲೆಯಲ್ಲಿ ಕುಳಿತು, ಅಂಚಿನಲ್ಲಿ ಮೊದಲ ತೇಪೆ ಇಟ್ಟು ಅದರ ಬದಿಯನ್ನು ಬೆರಳಿನಿಂದ ಒಳಕ್ಕೆ ಮಡಚುತ್ತ ಹೊಲಿಯತೊಡಗುತ್ತಾರೆ. ಒಂದು ತೇಪೆ ಮುಗಿಯುವ ಹೊತ್ತಿಗೆ ಮುಂದಿನದನ್ನು ಅದರ ಅಡಿಗೆ ತುಸು ಸೇರಿಸಿ ಇಡುತ್ತಾರೆ. ಹೀಗೆ ನಾಲ್ಕೂ ಅಂಚು ಸುತ್ತಿ, ಮತ್ತೆ ಒಳಸುತ್ತು, ಮತ್ತೂ ಒಳಸುತ್ತು. ಕೌದಿ ಹೊರಗಿನಿಂದ ನಡುವಿಗೆ ಬೆಳೆಯುತ್ತ ಬಂದು ಮಧ್ಯದಲ್ಲಿ ಮುಗಿಯುತ್ತದೆ. ತೇಪೆ ಅಂಟಿಸುವುದು ಮತ್ತು ಪದರ ಹಿಡಿದಿಡುವುದು ಒಂದೇ ಹೊಲಿಗೆಯಲ್ಲಿ ಆಗಿಹೋಗುತ್ತದೆ. ಅಳತೆಪಟ್ಟಿ, ಸೀಮೆಸುಣ್ಣದ ಗೆರೆ ಯಾವುದೂ ಇಲ್ಲ. ಹಿಂದಿನ ಸಾಲು ಮುಂದಿನ ಸಾಲಿಗೆ ದಾರಿ ತೋರಿಸುತ್ತದೆ. ತೇಪೆ ಚೌಕವೇ ಆಗಬೇಕೆಂದಿಲ್ಲ. ಕುಬಸದ ತೋಳು ಯಾವ ಆಕಾರದಲ್ಲಿ ಬಿಚ್ಚಿಕೊಂಡಿತೋ ಅದೇ ಆಕಾರದಲ್ಲಿ ಕುಳಿತುಕೊಳ್ಳುತ್ತದೆ.

ನಾಲ್ಕು ಮೂಲೆಗಳಿಗೆ ಚಿಕ್ಕ ಚೌಕಗಳನ್ನು ತ್ರಿಕೋನವಾಗಿ ಮಡಚಿ, ಒಂದರ ಮೇಲೊಂದು ಪದರವಾಗಿ ಇಟ್ಟು ಹೊಲಿಯುತ್ತಾರೆ. ಅದನ್ನು ಫುಲ ಎನ್ನುತ್ತಾರೆ. ಫುಲ ಇಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಗುಲಾಮರಾಗಿ ಕರೆತಂದವರ ವಂಶಸ್ಥರು ಈ ಜನ. ಕೊಂಕಣಿ, ಕನ್ನಡ, ಮರಾಠಿ, ಉರ್ದು ಆಡುತ್ತಾರೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಇದ್ದಾರೆ. ಕೌದಿ ಹೊಲಿಯುವುದು ಮಾತ್ರ ಮೂರೂ ಕಡೆಯ ಹೆಂಗಸರಿಗೆ ಬರುತ್ತದೆ. ಈ ಕ್ರಮವನ್ನು ಅನುಸರಿಸಿ ಹೊಲಿದರೆ ನೋಡಿದವರಿಗೆ ಅವರ ಹೆಸರನ್ನೂ ಹೇಳಿ. ಅದು ಅವರಿಗೆ ಸಲ್ಲಬೇಕಾದ ಋಣ.

ಚಿಕ್ಕಿಪರಾಸ ಅವರೇ, ನಿಮ್ಮ ಖಣದ ಕುಬಸಗಳಿಗೆ ಫುಲಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ದೂರದೂರು, ನ್ಯೂಜೆರ್ಸಿ

2011ರಲ್ಲಿ ನ್ಯೂಯಾರ್ಕ್‌ನ ಷೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಮಹಿಳೆಯರ ಕೌದಿಗಳ ಪ್ರದರ್ಶನ ನಡೆದಿತ್ತು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಈ ಕೌದಿಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ನಮ್ಮ ಮನೆಯ ಅಟ್ಟದಲ್ಲಿ ಬಿದ್ದಿರುವಂಥ ವಸ್ತುವನ್ನು ಅಲ್ಲಿ ಗೋಡೆಗೆ ತೂಗುಹಾಕಿ ಗೌರವಿಸಿದರು ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಅಂಚಿನಿಂದ ನಡುವಿಗೆ ಹೊಲಿಯುವಾಗ ಮಧ್ಯದಲ್ಲಿ ಬಟ್ಟೆ ಉಬ್ಬುವುದಿಲ್ಲವೇ?

ಕಾಳಿತೀರ, ಹಳಿಯಾಳ

ಸಡಿಲ ಬಿಟ್ಟರೆ ಉಬ್ಬುತ್ತದೆ. ಪ್ರತಿ ತೇಪೆ ಇಡುವ ಮೊದಲು ಅಂಗೈಯಿಂದ ಅಡಿಯ ಸೀರೆಯನ್ನು ನಡುವಿನ ಕಡೆಗೆ ನೀವುತ್ತಾರೆ. ಆ ಒಂದು ಅಭ್ಯಾಸ ಬಂದರೆ ಸಾಕು.

ನೂಲಹಾದಿ, ಹುಬ್ಬಳ್ಳಿ

ಇಳಕಲ್ಲು ಸೀರೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನನ್ನ ಬಿನ್ನಹ ಒಂದೇ: ಕತ್ತರಿ ಹಾಕಬೇಡಿ.

ಇಳಕಲ್ಲು ಸೀರೆಯ ಒಡಲಿಗೂ ಸೆರಗಿಗೂ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಯುವ ನೂಲು, ಬೇರೆ ಬೇರೆ. ಒಡಲಿನ ಹಾಸುನೂಲು ಹತ್ತಿಯದು, ಸೆರಗಿನದು ರೇಷ್ಮೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೊಂಡಿ ಹಾಕುವ ಕೆಲಸ ಕಣ್ಣಿಗೂ ಬೆರಳಿಗೂ ಎಷ್ಟು ಶ್ರಮ ಎಂಬುದನ್ನು ಮಗ್ಗದ ಮನೆಯಲ್ಲಿ ಕುಳಿತು ನೋಡಿದವರೇ ಬಲ್ಲರು. ಕೆಂಪು ನೆಲದ ಮೇಲೆ ಬಿಳಿಯ ಟೋಪ ತೆನಿ ವಿನ್ಯಾಸ ಇರುವ ಹಳೆಯ ಸೆರಗುಗಳು ಈಗ ಸಿಗುವುದು ಕಡಿಮೆ, ಕೃತಕ ರೇಷ್ಮೆಯವೇ ಹೆಚ್ಚು. ಅಂಥದ್ದನ್ನು ತೇಪೆ ಮಾಡಿದರೆ ಮತ್ತೆ ಸೀರೆಯಾಗುವುದಿಲ್ಲ.

ಮೂರರಲ್ಲಿ ಯಾವುದರ ಮೇಲಾದರೂ ಕಸೂತಿ ಇದೆಯೇ ನೋಡಿ. ಕರಿ ಬಣ್ಣದ ಚಂದ್ರಕಾಳಿ ಸೀರೆಯ ಮೇಲೆ ಗವಂತಿ, ಮುರಗಿ ಹೊಲಿಗೆಯಲ್ಲಿ ಗೋಪುರ, ಆನೆ, ತುಳಸಿಕಟ್ಟೆ ಮೂಡಿಸಿರುತ್ತಾರೆ. ಹಿಂದೆ ಮುಂದೆ ಎರಡೂ ಕಡೆ ಒಂದೇ ರೀತಿ ಕಾಣುವಂತೆ, ಒಂದೂ ಗಂಟಿಲ್ಲದೆ ಹೊಲಿದದ್ದು ಅದು. ಕಸೂತಿಯ ಮೇಲೆ ಕೌದಿಯ ಹೊಲಿಗೆ ಹಾಯಿಸುವುದು ಎರಡಕ್ಕೂ ಮಾಡಿದ ಅನ್ಯಾಯ.

ಅಳತೆಪಟ್ಟಿ, ದಾವಣಗೆರೆ

ನೂಲಹಾದಿ ಅವರ ಕಾಳಜಿ ಅರ್ಥವಾಗುತ್ತದೆ. ಆದರೆ ನಾನು ಪೂರ್ತಿ ಒಪ್ಪುವುದಿಲ್ಲ. ಟ್ರಂಕಿನಲ್ಲಿ ಅದೇ ಮಡಿಕೆಯಲ್ಲಿ ವರ್ಷಾನುಗಟ್ಟಲೆ ಮಲಗಿದ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಯಾರೂ ಉಡದೆ, ಯಾರೂ ಬಿಡಿಸದೆ ಸೀಳಿಹೋಗುವುದಕ್ಕಿಂತ ಮನೆಯವರ ಮೈಮೇಲೆ ಇರುವುದು ಒಳ್ಳೆಯದಲ್ಲವೇ? ನೋಡಿ ನಿರ್ಧರಿಸಲಿ. ಗಟ್ಟಿಯಾಗಿದ್ದರೆ ಉಡಲಿ, ಮೊಮ್ಮಗಳಿಗೆ ಕೊಡಲಿ. ಒಡಲು ಹರಿದಿದ್ದರೆ ಕೊಂಡಿಯ ಸಾಲಿನಿಂದ ಒಂದು ಅಂಗುಲ ಒಡಲಿನ ಕಡೆಗೆ ಬಿಟ್ಟು ಸೆರಗನ್ನು ಇಡಿಯಾಗಿ ಬೇರ್ಪಡಿಸಬಹುದು. ಒಡಲಿನ ಹತ್ತಿ ಕೌದಿಗೆ ಹೋಗಲಿ, ಸೆರಗು ಸೆರಗಾಗಿಯೇ ಉಳಿಯಲಿ.

ಚಿಕ್ಕಿಪರಾಸ, ಬೆಂಗಳೂರು

ಎಲ್ಲರ ಮಾತುಗಳನ್ನೂ ಅವ್ವನಿಗೆ ಓದಿ ಹೇಳಿದೆ. ಮೂರೂ ಇಳಕಲ್ಲನ್ನು ಮಂಚದ ಮೇಲೆ ಹರಡಿ, ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದಲೇ ಪರೀಕ್ಷೆ ಮಾಡಿದಳು. ಒಂದರ ಮೇಲೆ ಕಸೂತಿ ಇದೆ, ಅದನ್ನು ಮುಟ್ಟುವ ಮಾತೇ ಇಲ್ಲ. ಎರಡನೆಯದು ಗಟ್ಟಿಯಾಗಿದೆ. ಬರುವ ದೀಪಾವಳಿಗೆ ನಾನೇ ಉಡಬೇಕಂತೆ. ಮೂರನೆಯದರ ಒಡಲು ಮೊಣಕಾಲಿನ ಮಟ್ಟದಲ್ಲಿ ಜಾಳಾಗಿದೆ, ಅದನ್ನು ಅಳತೆಪಟ್ಟಿ ಅವರು ಹೇಳಿದಂತೆ ಬೇರ್ಪಡಿಸಲು ಒಪ್ಪಿದಳು. ನೂಲಹಾದಿ ಅವರೇ, ನೀವು ಹೇಳದಿದ್ದರೆ ಕಸೂತಿಯ ಸೀರೆಯನ್ನೂ ನಾನು ವಿಂಗಡಿಸದೆ ಗುಡ್ಡೆಗೆ ಹಾಕುತ್ತಿದ್ದೆನೇನೋ. ಧನ್ಯವಾದಗಳು.

ಕಾಳಿತೀರ ಅವರು ಹೇಳಿದ ಕ್ರಮ ಅವ್ವನಿಗೆ ತುಂಬ ಹಿಡಿಸಿದೆ. ತೇಪೆ ಆರಿಸಿ ಕೊಡುವ ಕೆಲಸ ತನ್ನದು ಎಂದಿದ್ದಾಳೆ. ಯಾವ ಬಣ್ಣದ ಪಕ್ಕ ಯಾವುದು ಕೂರಬೇಕೆಂದು ಈಗಲೇ ಜೋಡಿಸಲು ಶುರು ಮಾಡಿದ್ದಾಳೆ. ದಾರದುಂಡೆ ಅವರೇ, ಹೊಲಿಗೆ ಹಾಕುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೀರಾ? ಸೂಜಿ ಯಾವುದು, ಹೇಗೆ ಕುಳಿತುಕೊಳ್ಳಬೇಕು, ಎಲ್ಲವನ್ನೂ.

ದಾರದುಂಡೆ, ಬಾಗಲಕೋಟೆ

ನೆಲದ ಮೇಲೆ ಕೂರಲು ಆಗುವುದಾದರೆ ನೆಲವೇ ಸರಿ. ಕೌದಿಯನ್ನು ಕೈಯಲ್ಲಿ ಎತ್ತಿ ಹಿಡಿದು ಹೊಲಿಯಬಾರದು, ನೆಲದ ಮೇಲೆ ಚಪ್ಪಟೆಯಾಗಿ ಮಲಗಿರಬೇಕು. ನೀವು ಅದರ ಮೇಲೆಯೇ ಒಂದು ಕಾಲು ಮಡಚಿ ಕುಳಿತರೆ ನಿಮ್ಮ ಭಾರವೇ ಬಟ್ಟೆಯನ್ನು ಹಿಡಿದಿಡುತ್ತದೆ. ಮಂಡಿ ನೋವಿದ್ದರೆ ಅಗಲವಾದ ಊಟದ ಮೇಜು ಆದೀತು, ಆದರೆ ಕೌದಿಯ ಯಾವ ತುದಿಯೂ ಮೇಜಿನಿಂದ ಜೋತುಬೀಳಬಾರದು. ಜೋತುಬಿದ್ದ ಕಡೆ ಪದರ ಜಾರುತ್ತದೆ.

ಹೊಲಿಗೆ ಆರಂಭಿಸುವ ಮೊದಲು ಪದರಗಳನ್ನು ಹರಡಿ, ನಾಲ್ಕು ಮೂಲೆಗೂ ಭಾರ ಇಟ್ಟು, ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಇದನ್ನು ಮಾತ್ರ ನಡುವಿನಿಂದ ಅಂಚಿಗೆ ಹಾಕಬೇಕು. ಸುಕ್ಕುಗಳೆಲ್ಲ ಹೊರಗೆ ಹೋಗುತ್ತವೆ. ಸಾಲಿಗೂ ಸಾಲಿಗೂ ಒಂದು ಗೇಣು ಅಂತರ ಸಾಕು. ಕೊನೆಗೆ ಕಿತ್ತುಹಾಕುವ ಹೊಲಿಗೆಯಾದ್ದರಿಂದ ಎದ್ದು ಕಾಣುವ ಬಣ್ಣದ ದಾರ ಬಳಸಿ.

ಸೂಜಿ ಉದ್ದವಾಗಿರಬೇಕು, ಸ್ವಲ್ಪ ದಪ್ಪವಿರಬೇಕು, ಕಣ್ಣು ದೊಡ್ಡದಿರಬೇಕು. ಗೋಣಿಚೀಲದ ದಬ್ಬಣ ಬೇಡ, ಬಟ್ಟೆಯಲ್ಲಿ ತೂತು ಉಳಿಯುತ್ತದೆ. ದಾರ ನಿಮ್ಮ ಒಂದು ತೋಳಿನ ಉದ್ದಕ್ಕಿಂತ ಹೆಚ್ಚು ಬೇಡ. ಮತ್ತೆ ಮತ್ತೆ ಪೋಣಿಸುವ ತೊಂದರೆ ತಪ್ಪುತ್ತದೆ ಎಂದು ಮಾರುದ್ದ ತೆಗೆದುಕೊಂಡರೆ ಸಿಕ್ಕಾಗಿ ಇನ್ನೂ ಹೊತ್ತು ಹಿಡಿಯುತ್ತದೆ. ಜೇನುಮೇಣ ಸಿಕ್ಕರೆ ದಾರವನ್ನು ಅದರ ಮೇಲೆ ಒಂದು ಸಲ ಎಳೆದುಕೊಳ್ಳಿ. ಎಳೆ ಬಿಚ್ಚಿಕೊಳ್ಳುವುದಿಲ್ಲ, ಸಿಕ್ಕೂ ಕಡಿಮೆ.

ಈಗ ಕೈಯ ವಿಷಯ. ಬಲಗೈ ಸೂಜಿಯನ್ನು ಬಟ್ಟೆಗೆ ಸಮನಾಗಿ ಮಲಗಿಸಿ ಹಿಡಿದಿರುತ್ತದೆ. ಎಡಗೈಯ ಹೆಬ್ಬೆರಳು ಸೂಜಿಯ ತುದಿಯ ಮುಂದೆ ಬಟ್ಟೆಯನ್ನು ಒತ್ತಿ ಸಣ್ಣದೊಂದು ಅಲೆ ಎಬ್ಬಿಸುತ್ತದೆ. ಸೂಜಿ ಆ ಅಲೆಯನ್ನು ತೂರಿ ಹೊರಬರುತ್ತದೆ. ಬಟ್ಟೆ ತಗ್ಗುತ್ತದೆ, ಮತ್ತೆ ಏಳುತ್ತದೆ. ಹೀಗೆ ಮೂರು ನಾಲ್ಕು ಹೊಲಿಗೆ ಸೂಜಿಯ ಮೇಲೆಯೇ ಏರಿದ ನಂತರ ದಾರ ಎಳೆಯಬೇಕು. ಒಂದೊಂದಕ್ಕೂ ಎಳೆದರೆ ಸಾಲು ಸೊಟ್ಟಗಾಗುತ್ತದೆ, ಬೆರಳೂ ಸೋಲುತ್ತದೆ. ಎಳೆದ ಮೇಲೆ ಸಾಲಿನ ಮೇಲೆ ಹೆಬ್ಬೆರಳಿನ ಉಗುರನ್ನು ಹಿಂದಿನಿಂದ ಮುಂದಕ್ಕೆ ಒಮ್ಮೆ ಆಡಿಸಿ. ಬಿಗಿಯಾದ ದಾರ ಸಡಿಲಗೊಂಡು ಬಟ್ಟೆಯೊಳಗೆ ಕೂರುತ್ತದೆ. ಅಂಗುಲಕ್ಕೆ ನಾಲ್ಕು ಹೊಲಿಗೆ ಬಂದರೆ ಚೆನ್ನ, ಮೂರು ಬಂದರೂ ಕೌದಿ ಗಟ್ಟಿಯೇ. ಹೊಲಿಗೆಗಳು ಸಣ್ಣವಿರುವುದಕ್ಕಿಂತ ಒಂದೇ ಸಮನಿರುವುದು ಮುಖ್ಯ. ಪ್ರತಿ ಹೊಲಿಗೆಯೂ ಅಡಿಯ ಪದರವನ್ನು ಹಿಡಿದಿದೆಯೇ ಎಂದು ಆಗಾಗ ಕೌದಿಯ ಮೂಲೆ ಎತ್ತಿ ಹಿಂಬದಿ ನೋಡುತ್ತಿರಿ.

ಆರಂಭದ ಗಂಟನ್ನು ಮೇಲೆ ಬಿಡಬೇಡಿ. ಮೆಲ್ಲಗೆ ಜಗ್ಗಿದರೆ ಮೊದಲ ಪದರ ದಾಟಿ ಒಳಗೆ ಸೇರಿಕೊಳ್ಳುತ್ತದೆ. ಸೂಜಿಯ ಹಿಂಭಾಗ ಒತ್ತುವ ನಡುಬೆರಳಿಗೆ ಲೋಹದ ಟೊಪ್ಪಿಗೆ ಹಾಕಿಕೊಳ್ಳಿ, ಇಲ್ಲದಿದ್ದರೆ ಹಳೆಯ ಚರ್ಮದ ತುಂಡು ಸುತ್ತಿಕೊಳ್ಳಿ. ಆರು ಪದರ ಎಂದರೆ ಬೆರಳಿಗೆ ಸಣ್ಣ ಕೆಲಸವಲ್ಲ.

ಬೆಳಗಿನಪಾಳಿ, ಮೈಸೂರು

ಕೂಸಿನ ಕೌದಿ ಹೊಲಿಯುವವರಿಗೆ ಒಂದು ಮಾತು. ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ. ಅಜ್ಜಿಯ ಮೆತ್ತನೆಯ ಸೀರೆಯಿಂದ ಹೊಲಿದ ಪುಟ್ಟ ಕೌದಿಯಷ್ಟು ಹಿತವಾದ ಹಾಸು ಮಗುವಿಗೆ ಇನ್ನೊಂದಿಲ್ಲ. ತಲೆಗೆ ಹಾಕುವ ಕುಂಚಿಗೆಯೂ ಅಷ್ಟೇ ಚೆಂದ. ಆದರೆ ಅದಕ್ಕೆ ಮಣಿ, ಕನ್ನಡಿ, ಗೆಜ್ಜೆ, ಗುಂಡಿ ಯಾವುದನ್ನೂ ಹಚ್ಚಬೇಡಿ. ಕಿತ್ತು ಬಂದರೆ ಸೀದಾ ಬಾಯಿಗೆ ಹೋಗುತ್ತದೆ. ಒಂದು ವರ್ಷದೊಳಗಿನ ಮಗು ನಿದ್ದೆ ಮಾಡುವಾಗ ಮೇಲೆ ಸಡಿಲ ಹೊದಿಕೆ ಇರಬಾರದು, ಮುಖದ ಮೇಲೆ ಸರಿದರೆ ಉಸಿರುಗಟ್ಟುವ ಅಪಾಯವಿದೆ ಎಂಬುದು ಮಕ್ಕಳ ತಜ್ಞರ ಸಲಹೆ. ಮಗು ಎಚ್ಚರವಿರುವಾಗ ಕೆಳಗೆ ಹಾಸಿ ಆಡಿಸಿ, ಎತ್ತಿಕೊಳ್ಳುವಾಗ ಸುತ್ತಿ ಎತ್ತಿಕೊಳ್ಳಿ.

ಒಲೆಯ ಪಾತ್ರೆ ಇಳಿಸುವ ಹಿಡಿಬಟ್ಟೆಯನ್ನೂ ಉಳಿದ ತುಂಡುಗಳಿಂದ ಇದೇ ರೀತಿ ಹೊಲಿಯಬಹುದು. ಅಲ್ಲಂತೂ ಬಟ್ಟೆ, ದಾರ ಎರಡೂ ಅಪ್ಪಟ ಹತ್ತಿಯೇ ಆಗಿರಬೇಕು. ಪಾಲಿಯೆಸ್ಟರ್ ಬಿಸಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಹಗೇವು, ರಾಣೆಬೆನ್ನೂರು

ಎಲ್ಲರೂ ತಾವೇ ಹೊಲಿಯುವ ಉತ್ಸಾಹದಲ್ಲಿರುವುದು ಸಂತೋಷ. ಹೊಲಿಯಲು ಪುರುಸೊತ್ತಿಲ್ಲದವರಿಗೂ ಒಂದು ದಾರಿ ಇದೆ ಎಂದು ನೆನಪಿಸುತ್ತೇನೆ. ನಮ್ಮ ಭಾಗದಲ್ಲಿ ಊರೂರು ತಿರುಗಿ ಮನೆಬಾಗಿಲಿಗೆ ಬಂದು ಕೌದಿ ಹೊಲಿದುಕೊಡುವ ಹೆಂಗಸರು ಇನ್ನೂ ಇದ್ದಾರೆ. ಅರಿವೆ ನಮ್ಮದು, ಸೂಜಿ ಮತ್ತು ಕೈ ಅವರದು. ಅಂಗಳದಲ್ಲಿ ಹರಡಿಕೊಂಡು ಇಬ್ಬರು ಎದುರುಬದುರು ಕುಳಿತು ಹೊಲಿಯುವುದನ್ನು ಒಂದು ಮಧ್ಯಾಹ್ನ ಪಕ್ಕದಲ್ಲಿ ಕುಳಿತು ನೋಡಿದರೆ ಯಾವ ವಿಡಿಯೊವೂ ಬೇಕಾಗುವುದಿಲ್ಲ.

ಅವರೊಂದಿಗೆ ಚೌಕಾಸಿ ಮಾಡುವುದನ್ನು ಮಾತ್ರ ಬಿಡೋಣ. ಒಂದು ಕೌದಿಯಲ್ಲಿ 165 ಮೀಟರ್ ಹೊಲಿಗೆ ಇದೆ ಎಂದು ಅಳತೆಪಟ್ಟಿ ಅವರು ಲೆಕ್ಕ ಹಾಕಿ ತೋರಿಸಿದ್ದಾರೆ. ಅಂಥ ಕೆಲಸಕ್ಕೆ ‘ಹಳೆ ಅರಿವೆ ತಾನೆ’ ಎಂದು ಕೂಲಿ ಕಡಿತ ಮಾಡುವುದು ನ್ಯಾಯವಲ್ಲ. ಎಷ್ಟು ದಿನ ಕೆಲಸವಾಗುತ್ತದೆಯೋ ಅಷ್ಟು ದಿನದ ಪೂರ್ಣ ಕೂಲಿ, ಮಧ್ಯಾಹ್ನದ ಊಟ ಕೊಡಬೇಕು. ಪೇಟೆಯಲ್ಲಿ ಯಂತ್ರದ ಕಂಬಳಿಗೆ ಕೇಳಿದಷ್ಟು ಕೊಟ್ಟು ಬರುವ ನಾವು ಮನೆಬಾಗಿಲಿಗೆ ಬಂದವರ ಜೊತೆ ಹತ್ತು ರೂಪಾಯಿಗೆ ಜಗ್ಗಾಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನೂಲಹಾದಿ, ಹುಬ್ಬಳ್ಳಿ

ಹಗೇವು ಅವರ ಮಾತಿಗೆ ನನ್ನ ಪೂರ್ಣ ಸಹಮತ. ಬಂಗಾಳದ ಕಾಂಥಾ, ಮಹಾರಾಷ್ಟ್ರದ ಗೋಧಡಿ, ಬಿಹಾರದ ಸುಜನಿ ಎಲ್ಲವೂ ಹಳೆಯ ಬಟ್ಟೆಯ ಪದರಗಳ ಮೇಲೆ ಹಾಕಿದ ಇದೇ ಸಾದಾ ಹೊಲಿಗೆಗಳು. ಕಾಂಥಾ ಹೊಲಿಯುವವರು ಹಳೆಯ ಸೀರೆಯ ಅಂಚಿನಿಂದಲೇ ಬಣ್ಣದ ಎಳೆ ಕಿತ್ತು ದಾರ ಮಾಡಿಕೊಳ್ಳುತ್ತಿದ್ದರು. ಕಾಂಥಾದ ಹೆಸರು ಅಂಗಡಿಗಳಲ್ಲಿ ಈಗ ಒಳ್ಳೆಯ ಬೆಲೆಗೆ ಓಡುತ್ತದೆ. ನಮ್ಮ ಕೌದಿ ಅದಕ್ಕಿಂತ ಯಾವುದರಲ್ಲೂ ಕಡಿಮೆಯಿಲ್ಲ.

ಚಿಕ್ಕಿಪರಾಸ, ಬೆಂಗಳೂರು

ಮೊದಲು 18 ಅಂಗುಲದ ಆಸನ, ಅದರ ನಂತರವೇ ದೊಡ್ಡದು ಎಂದು ತೀರ್ಮಾನವಾಗಿದೆ. ಹತ್ತಿ ದಾರ ಬಂದಿದೆ, ಬಿಳಿ ಮತ್ತು ಕೆಂಪು. ಅಡಿಗೆ ಅಪ್ಪನ ಧೋತರ, ಅಂಚಿಗೆ ನನ್ನ ಶಾಲೆಯ ನೀಲಿ ಲಂಗ. ಮೂಲೆಗೆ ಗುಳೇದಗುಡ್ಡದ ಖಣದ ಫುಲ.

ಎರಡು ಸಂದೇಹ ಉಳಿದಿವೆ. ಸಾಲಿನ ನಡುವೆ ದಾರ ಮುಗಿದರೆ ಹೊಸ ದಾರವನ್ನು ಹೇಗೆ ಸೇರಿಸಬೇಕು? ದೊಡ್ಡ ಕೌದಿಯನ್ನು ಅಪಾರ್ಟ್‌ಮೆಂಟಿನಲ್ಲಿ ಒಗೆಯುವುದು ಹೇಗೆ? ಊರಿನಲ್ಲಾದರೆ ನವರಾತ್ರಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೆ ಒಯ್ಯುತ್ತಿದ್ದರು.

ದಾರದುಂಡೆ, ಬಾಗಲಕೋಟೆ

ನಾಲ್ಕು ಬೆರಳಿನಷ್ಟು ದಾರ ಉಳಿದಾಗಲೇ ನಿಲ್ಲಿಸಿ. ಕೊನೆಯ ಹೊಲಿಗೆಯ ಮೇಲೆಯೇ ಎರಡು ಸಲ ಹಿಂದಕ್ಕೆ ಹೊಲಿದು, ಸೂಜಿಯನ್ನು ಪದರಗಳ ನಡುವೆ ಎರಡು ಅಂಗುಲ ತೂರಿಸಿ ಮೇಲೆ ತೆಗೆದು ಕತ್ತರಿಸಿ. ಬಾಲ ಒಳಗೇ ಉಳಿಯುತ್ತದೆ. ಹೊಸ ದಾರವನ್ನು ಅರ್ಧ ಅಂಗುಲ ಹಿಂದಿನಿಂದ, ಹಳೆಯ ಹೊಲಿಗೆಗಳ ಮೇಲೆಯೇ ಶುರು ಮಾಡಿ. ಅಕ್ಕಪಕ್ಕದ ಸಾಲುಗಳಲ್ಲಿ ಒಂದೇ ನೇರಕ್ಕೆ ದಾರ ಮುಗಿಸಬೇಡಿ, ಆ ಗೆರೆ ದುರ್ಬಲವಾಗುತ್ತದೆ.

ಎರಡು ಸೀರೆಯ ಕೌದಿ ಒಣಗಿದ್ದಾಗ ಒಂದೂವರೆ ಕಿಲೋ ಆಸುಪಾಸು ತೂಗುತ್ತದೆ. ಮನೆಯ ಯಂತ್ರದಲ್ಲಿ ಅದೊಂದನ್ನೇ ಹಾಕಿ, ತಣ್ಣೀರು, ಮೆದು ಒಗೆತ, ಕಡಿಮೆ ಸುತ್ತು. ಮೊದಲ ಒಗೆತವನ್ನು ಮಾತ್ರ ಬಕೆಟ್ಟಿನಲ್ಲೇ ಮಾಡಿ, ಬಣ್ಣದ ನಡತೆ ತಿಳಿಯುತ್ತದೆ. ಹಿಂಡಬೇಡಿ, ಮಡಚಿ ಒತ್ತಿ ನೀರು ಇಳಿಸಿ. ಒಂದೇ ಹಗ್ಗಕ್ಕೆ ಹಾಕಿದರೆ ನೀರಿನ ಭಾರವೆಲ್ಲ ಒಂದು ಸಾಲಿನ ಮೇಲೆ ಬೀಳುತ್ತದೆ. ತಾರಸಿಯಲ್ಲಿ ಒಂದು ಮೊಳ ಅಂತರದಲ್ಲಿ ಎರಡು ಹಗ್ಗ ಕಟ್ಟಿ ಎರಡರ ಮೇಲೂ ಹರಡಿ, ಮಧ್ಯಾಹ್ನ ಒಮ್ಮೆ ಮಗುಚಿಹಾಕಿ. ಒಳಪದರ ಪೂರ್ತಿ ಒಣಗಿದೆಯೇ ಎಂದು ನಡುವಿನಲ್ಲಿ ಹಿಚುಕಿ ನೋಡಿದ ಮೇಲೆಯೇ ಮಡಚಿ ಇಡಿ, ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ.

ಆಸನ ಮುಗಿದಾಗ ಮುಖದ ಜೊತೆ ಹಿಂಬದಿಯ ಚಿತ್ರವನ್ನೂ ಇಲ್ಲಿ ಹಾಕಿ. ಹೊಲಿಗೆ ಎಲ್ಲಿ ಸುಧಾರಿಸಬೇಕು ಎಂಬುದು ಹಿಂಬದಿಯಿಂದಲೇ ಗೊತ್ತಾಗುವುದು. ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ.